ಉಳ್ಳಾಗಡ್ಡಿ ಇಲ್ಲದ ಮನೆಯಲ್ಲಿ ಕೆಂಪು ಕಣ್ಣು

ಏಕಸಂಬಿ
೧೮ ಜನವರಿ ೨೦೨೫

ಪ್ರೀತಿಯ ಮಗ ಸಂದೇಶನಿಗೆ ಅವ್ವನ ಆಶೀರ್ವಾದ.

ಬಳ್ಳಾರಿಯ ನೀರು ಮೈಗೆ ಹಿಡಿಸಿತೇ? ಶಾಲೆಯಲ್ಲಿ ಪಾಠ ಹೇಳುವಾಗ ಕೂಗಿ ಕೂಗಿ ಗಂಟಲು ಕೆಡಿಸಿಕೊಳ್ಳಬೇಡ. ಫೋನು ಬಿಟ್ಟು ಕಾಗದವೇಕೆ ಎನ್ನಬೇಡ; ನಿಮ್ಮಪ್ಪನ ಕಣ್ಣು ಮಂಜಾದರೂ ಕಿವಿ ಚುರುಕಾಗಿವೆ.

ಹೋದ ವರ್ಷ ಅವರ ಕೆಮ್ಮಿಗೆ ಊರೆಲ್ಲ ಟಿಬಿ ಎಂದಾಗ, ಡಾಕ್ಟರು ಇದು ಸಾರ್ಕಾಯ್ಡೋಸಿಸ್, ಶ್ವಾಸಕೋಶದಲ್ಲಿ ಸಣ್ಣ ಗಂಟು ಕಟ್ಟುವ, ಯಾರಿಗೂ ಅಂಟದ ರೋಗ ಎಂದಿದ್ದರಲ್ಲ. ಕೆಮ್ಮು ನಿಂತಿತು, ರೋಗವೂ ಹೋಯಿತೆಂದುಕೊಂಡೆವು. ಈಗ ಮೊಣಕಾಲ ಕೆಳಗೆ ಕೆಂಪು ಗಂಟುಗಳೆದ್ದಿವೆ. ಕೇಳಿದರೆ, “ಕಬ್ಬಿನ ಕೂಳಿ ತಾಗೇತಿ ಬಿಡ” ಅನ್ನುತ್ತಾರೆ. ಎರಡೂ ಕಾಲಿಗೆ ಒಂದೇ ಜಾಗದಲ್ಲಿ ತಾಗುವ, ಕೊಯ್ದುಳಿದ ಕೂಳೆಯನ್ನು ನಾನಂತೂ ಕಂಡಿಲ್ಲ. ಕಣ್ಣು ಕೆಂಪು, ಸುಮ್ಮಸುಮ್ಮನೆ ನೀರು. “ಧೂಳ ಬಿದ್ದೇತಿ” ಎಂದರು. ಕುಡಿತವೇನೋ ಎಂದು ಮಲಗಿದಾಗ ಬಾಯಿ ಮೂಸಿದೆ, ಅದಲ್ಲ. ಬುಧವಾರ ಚಿಕ್ಕೋಡಿಯಿಂದ ಹೊತ್ತು ಮುಳುಗಿದ ಮೇಲೆ ಬಂದರು. ಆಮೇಲೆ ನಮ್ಮ ಜೈನರಲ್ಲಿ ಉಣ್ಣುವಂತಿಲ್ಲ, ಆದರೂ ಹಸಿವೆಯ ಮಾತೇ ಇಲ್ಲ. ನಮ್ಮ ಹೊಸಿಲು ದಾಟದ ಉಳ್ಳಾಗಡ್ಡಿಯನ್ನು ಸ್ಟ್ಯಾಂಡಿನ ಭಜಿ ಅಂಗಡಿಯಲ್ಲಿ ತಿಂದು ಬಂದರೆಂದು ಅಂಗಿಯ ಕಿಸೆ ತಡಕಿದೆ. ಸಿಕ್ಕಿದ್ದು ಕಣ್ಣಿಗೆ ಬಿಡುವ ಔಷಧ.

ಮರುದಿನ ಹಿಡಿದುಕೊಂಡು ಹೋಗಿ ಅದೇ ಡಾಕ್ಟರ ಮುಂದೆ ಕೂರಿಸಿದೆ. “ಈ ರೋಗ ಎದಿಯಾಗಷ್ಟ ಇರೂದಿಲ್ರಿ ಅಕ್ಕಾರ. ಚರ್ಮ, ಕಣ್ಣು, ಲಿವರ್, ಹೃದಯ, ಎಲ್ಲಿಗ್ಯಾರ ಹೋಗ್ತೈತಿ. ಬೆಳಗಾವ್ಯಾಗ ಹೃದಯಾನೂ ತೋರಸ್ರಿ” ಎಂದರು. ನಿಮ್ಮಪ್ಪ ಹೊರಗೆ ಬಂದವರೇ, “ಎತ್ತಿಗೆ ಜ್ವರ ಬಂದ್ರ ಎಮ್ಮಿಗೆ ಬರಿ ಹಾಕತಾರ” ಎಂದು ಬಸ್ಸು ಹತ್ತಿದರು. ಸುಳ್ಳೇಕೆ, ನನಗೂ ಡಾಕ್ಟರ ಮೇಲೆ ಅನುಮಾನವೇ ಇತ್ತು. ಆದರೆ ನಿನ್ನೆ ದ್ರಾಕ್ಷಿ ತೋಟದಲ್ಲಿ ನಿಂತವರು ಹಾಗೇ ಕುಸಿದರು. ಎಚ್ಚರವಾದ ಮೇಲೆ, “ಎಡವಿದ್ನಿ” ಎಂದರು. ನಿಂತಲ್ಲೇ ಎಡವುತ್ತಾರೆಯೇ? ನನಗೆ ಭಯವಾಗಿದೆ, ಮಗನೇ.

ಹೊತ್ತಿಗೆ ಸರಿಯಾಗಿ ಉಣ್ಣು. ಪದ್ಮಾವತಿ ತಾಯಿ ನಿನ್ನನ್ನು ಕಾಯಲಿ.

ನಿನ್ನ ಅವ್ವ,
ಕಾಶಿಬಾಯಿ

ತಾ.ಕ.: ತಮಗಾಗಿ ಬೆಳಗಾವಿಗೆ ಹೋಗದವರು ನಿನಗಾಗಿ ಓಡಿಯಾರು. ಕಾಗದ ಮುಟ್ಟಿದ ದಿನವೇ ಹೊರಡು. “ನನ್ನ ಕಣ್ಣು ಕೆಂಪಾಗ್ಯಾವು, ಒಬ್ಬನ ಹೋಗಾಕ ಹೆದರಿಕಿ” ಎನ್ನು. ಅಲ್ಲಿ ಮುಟ್ಟಿದ ಮೇಲೆ ಅವರ ಹೃದಯವನ್ನೂ ತೋರಿಸು. ನೆಪವೆಂದು ನಗಬೇಡ. ಈ ರೋಗ ಅಪರೂಪಕ್ಕೆ ಮನೆತನದಲ್ಲೂ ಬರುತ್ತದಂತೆ. ದೀಪಾವಳಿಗೆ ಬಂದಾಗ ನಿನ್ನ ಕಣ್ಣೂ ಕೆಂಪಾಗಿದ್ದವು. ಕೇಳಿದ್ದಕ್ಕೆ, ಬಸ್ಸಿನ ಧೂಳು ಎಂದೆ. ನಿಮ್ಮಪ್ಪನೂ ಮೊದಲು ಧೂಳೆಂದೇ ಹೇಳಿದ್ದರು.