ನಾನು ತಿಂದ ಶೇಷ

ತಿಂಗಳಿಲ್ಲದ ಮೂರನೆಯ ದಿನ, ೨೪೧೯
ಹಿರೇತೂಬಿನ ದಂಡೆ, ಕಲ್ಲಗಡ್ಡಿ

ನಿಂಬೆವ್ವನ ಮೊಮ್ಮಗಳೇ, ಅಥವಾ ಮೊಮ್ಮಗನೇ,

ಮೇಲಿನ ತಾರೀಖು ನೋಡಿ ಮುದುಕನಿಗೆ ಅರಳುಮರಳು ಎಂದುಕೊಳ್ಳಬೇಡ. ನಮ್ಮಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ. ಒಂದು ತಿಂಗಳು ಉದ್ದ, ಒಂದು ತಿಂಗಳು ಗಿಡ್ಡ ಎಂದರೆ ತೂಬಿನ ಯಂತ್ರಕ್ಕೆ ಆಗಿಬರುವುದಿಲ್ಲವೆಂದು ಹಿರಿಯರು ಹಾಗೆ ಮಾಡಿದರು. ವರ್ಷದ ಕೊನೆಗೆ ಮಿಕ್ಕುವ ಐದು ದಿನಗಳು ಯಾವ ತಿಂಗಳಿಗೂ ಸೇರಿದವಲ್ಲ. ಈ ಐದರಲ್ಲಿ ಇಂದು ಮೂರನೆಯದು. ನಿನ್ನ ಕಾಲಕ್ಕೆ ಪಂಚಾಂಗವೇ ಬೇರೆಯಾಗಿರಬಹುದು, ಮಾತೂ ಬೇರೆಯಾಗಿರಬಹುದು. ನನ್ನ ಪದಗಳು ಒರಟಾಗಿ ಕಂಡರೆ ಹೊಟ್ಟೆಗೆ ಹಾಕಿಕೋ. ನಾನು ಓದಿದ್ದು ಕಲ್ಲಗಡ್ಡಿ ಶಾಲೆಯ ಏಳನೆಯ ಇಯತ್ತೆ, ಅಷ್ಟೇ. ಆದರೆ ಆ ಏಳರಲ್ಲಿ ನಾನು ಕಲಿತದ್ದನ್ನು ಬೇರೆಯವರು ಹದಿನೇಳರಲ್ಲೂ ಕಲಿಯಲಿಲ್ಲ. ಇದನ್ನು ನಾನಷ್ಟೇ ಹೇಳುತ್ತಿಲ್ಲ, ಹದಿನಾರು ಊರು ಹೇಳುತ್ತದೆ. ನಾಳೆ ಬೆಳಗಿನವರೆಗಾದರೂ ಹೇಳುತ್ತದೆ.

ನಾನು ಯಮನೂರಪ್ಪ, ನಿನ್ನ ಅಜ್ಜಿ ನಿಂಬೆವ್ವನ ಕಾಕಾ. ನನಗೆ ಮಕ್ಕಳಿಲ್ಲ. ಅಣ್ಣನ ಮಗಳಾದ ಅವಳೇ ನನಗೆ ಎಲ್ಲ. ಹಿರೇತೂಬಿನ ಕಲ್ಲುಕಂಬದ ಮೇಲೆ ‘ಸರಿಪಾಲು, ಕಟ್ಟಿದವನು ಯಮನೂರಪ್ಪ’ ಎಂದು ಕೆತ್ತಿರುವುದನ್ನು ನೀನು ಚಿಕ್ಕಂದಿನಿಂದ ನೋಡಿರಬೇಕು. ಆ ಯಮನೂರಪ್ಪನೇ ನಾನು. ಈಗ ಬರೆಯುತ್ತಿರುವುದು ಆ ಕೆತ್ತನೆಯ ಬಗ್ಗೆಯೇ.

ನಿನ್ನ ಕಾಲದಲ್ಲಿ ಇದೆಲ್ಲ ಯಾರಿಗೂ ನೆನಪಿರಲಿಕ್ಕಿಲ್ಲ, ಆದ್ದರಿಂದ ಬುಡದಿಂದ ಹೇಳುತ್ತೇನೆ. ನಮಗಿಂತ ನಾನೂರು ವರ್ಷ ಹಿಂದಿನವರ ಬಳಿ ಅಂಗೈಯಲ್ಲಿ ಹಿಡಿಸುವ ಮಹಾ ಯಂತ್ರಗಳಿದ್ದವಂತೆ. ಅವುಗಳ ಒಳಗೆ ಏನು ಬರೆದಿದೆ ಎಂದು ಪೂರ್ತಿ ಓದಿದವನು ಮಾತ್ರ ಒಬ್ಬನೂ ಇರಲಿಲ್ಲವಂತೆ. ಅವು ಹದ ತಪ್ಪಿದಾಗ ಯಾರಿಗೂ ಕೈಹಾಕಲು ಆಗಲಿಲ್ಲ. ಹಾಗಾಗಿ ನಮ್ಮ ಹಿರಿಯರು ಒಂದು ಕಟ್ಟಳೆ ಮಾಡಿದರು. ಊರು ಕಟ್ಟೆಯ ಮೇಲೆ ಕೂತು ಒಂದು ಮಧ್ಯಾಹ್ನದಲ್ಲಿ ಗಟ್ಟಿಯಾಗಿ ಓದಿ ಮುಗಿಸಲಾಗದ ಯಂತ್ರಕ್ಕೆ ನೀರನ್ನು ಒಪ್ಪಿಸಬಾರದು. ಅದಕ್ಕೇ ನಮ್ಮ ಯಂತ್ರ ಸಣ್ಣದು. ಕಲ್ಲಿನ ಪೆಟ್ಟಿಗೆಯೊಳಗೆ ಬಿಸಿಲು ಕುಡಿದು ಬದುಕುತ್ತದೆ, ದಿನಾ ಬೆಳಿಗ್ಗೆ ಒಮ್ಮೆ ಕೆರೆಯ ಮಟ್ಟ ನೋಡಿ ತೂಬು ತೆರೆಯುತ್ತದೆ, ಮುಚ್ಚುತ್ತದೆ. ಅದು ಬಲ್ಲ ಭಾಷೆಗೆ ಅಟ್ಟಿನುಡಿ ಎಂದು ಹೆಸರು.

ಅಟ್ಟಿನುಡಿ ತಿಳಿಯಬೇಕಾದರೆ ಕಡಕ್ ರೊಟ್ಟಿಯ ಅಟ್ಟಿ ನೋಡಿದರೆ ಸಾಕು. ಕೊನೆಗೆ ಇಟ್ಟ ರೊಟ್ಟಿ ಮೊದಲು ಕೈಗೆ ಬರುತ್ತದೆ, ಬುಡದ್ದು ಬೇಕಾದರೆ ಮೇಲಿನವು ಸರಿಯಬೇಕು. ಯಂತ್ರವೂ ಅಂಕಿಗಳನ್ನು ಹಾಗೆಯೇ ಒಂದರ ಮೇಲೊಂದು ಇಡುತ್ತದೆ. ‘ಕೂಡಿಸು’ ಎಂದರೆ ಮೇಲಿನ ಎರಡನ್ನು ತೆಗೆದು ಒಂದನ್ನು ಇಡುತ್ತದೆ. ‘ಎಸೆ’ ಎಂದರೆ ಮೇಲಿನದನ್ನು ತೆಗೆದು ಬಿಸಾಡುತ್ತದೆ. ಇಂಥ ನಲವತ್ತೊಂದು ಪದಗಳು ಹುಟ್ಟಿನಿಂದಲೇ ಅದಕ್ಕೆ ಗೊತ್ತು. ಅವಕ್ಕೆ ತಾಯಿಪಟ್ಟಿ ಎನ್ನುತ್ತೇವೆ. ಅರವತ್ತು ವರ್ಷಕ್ಕೊಮ್ಮೆ, ಈ ತಿಂಗಳಿಲ್ಲದ ಐದು ದಿನಗಳಲ್ಲಿ ಪೆಟ್ಟಿಗೆ ತೆರೆದು, ಹಳೆಯ ಪದಗಳಿಂದ ಕಟ್ಟಿದ ಹೊಸ ಪದಗಳನ್ನು ತಾಯಿಪಟ್ಟಿಗೆ ಸೇರಿಸಬಹುದು. ಐದನೆಯ ದಿನ ಸೂರ್ಯ ಮುಳುಗುವ ಮೊದಲು ಮುದ್ರೆ ಬೀಳುತ್ತದೆ. ಆಮೇಲೆ ಅರವತ್ತು ವರ್ಷ ಅದನ್ನು ಮುಟ್ಟುವ ಹಾಗಿಲ್ಲ.

ನಮ್ಮ ತಾಯಿಪಟ್ಟಿಯಲ್ಲಿ ಭಾಗಾಕಾರವೇ ಇರಲಿಲ್ಲ. ಕೆರೆಯ ಮಟ್ಟವನ್ನು ಹದಿನಾರು ಊರಿಗೆ ಹಂಚಲು ಯಂತ್ರ ಹದಿನಾರು, ಹದಿನಾರು ಎಂದು ಕಳೆಯುತ್ತಾ ಕೂತರೆ ಎಮ್ಮೆ ಮೈದೊಳೆಯುವ ಹೊತ್ತಾದರೂ ತೂಬು ತೆರೆಯುತ್ತಿರಲಿಲ್ಲ. ನಾನು ಎಂಟು ತಿಂಗಳು ಕೂತು ಎರಡು ಪದ ಕಟ್ಟಿದೆ. ಮೊದಲನೆಯದು ‘ಭಾಗಿಸು’. ಅದು ಎರಡು ಅಂಕಿ ತೆಗೆದು ಎರಡನ್ನು ಇಡುತ್ತದೆ: ಕೆಳಗೆ ಶೇಷ, ಮೇಲೆ ಪಾಲು. ಎರಡನೆಯದು ‘ಸರಿಪಾಲು’. ಅದು ಮಟ್ಟವನ್ನು ಹದಿನಾರರಿಂದ ಭಾಗಿಸಿ, ಬಂದ ಪಾಲಿನಷ್ಟು ಗಳಿಗೆ ತೂಬು ತೆರೆದು ಮುಚ್ಚುತ್ತದೆ. ಕಣ್ಣು ಮಿಟುಕಿಸುವಷ್ಟರಲ್ಲಿ ಕೆಲಸ ಮುಗಿಯುತ್ತದೆ. ಪಟ್ಟಣದ ಮೂವರು ಪಂಡಿತರು ಆಗದೆಂದು ಕೈಬಿಟ್ಟದ್ದನ್ನು ಏಳನೆಯ ಇಯತ್ತೆಯವನು ಮಾಡಿದ ಎಂದು ನಾನು ಹೇಳಿಕೊಳ್ಳಬೇಕಾಗಿಲ್ಲ. ಆದರೂ ಹೇಳಿದೆ, ಕಟ್ಟೆಯ ಮೇಲೆ ನಿಂತು ಹೇಳಿದೆ.

ಹೊಸ ಪದದ ಪರೀಕ್ಷೆ ರೊಟ್ಟಿಯಲ್ಲೇ ನಡೆಯಬೇಕು. ಪದ ಕಟ್ಟಿದವನ ಮನೆಯಿಂದ ಹನ್ನೆರಡು ರೊಟ್ಟಿ ಬರುತ್ತವೆ. ರೊಟ್ಟಿಯ ಮೇಲೆ ಅರಿಶಿನದಲ್ಲಿ ಅಂಕಿ ಬರೆದು ಹಲಗೆಯ ಮೇಲೆ ಅಟ್ಟಿ ಹಾಕುತ್ತಾರೆ. ಕಟ್ಟಿದವನು ಪದ ಓದುತ್ತಾ ರೊಟ್ಟಿ ಎತ್ತುತ್ತಾನೆ, ಇಡುತ್ತಾನೆ. ಎಣಿಕೆಯಕ್ಕ ಪಕ್ಕದಲ್ಲಿ ಕೂತು, ಅಟ್ಟಿ ಮೊದಲು ಎಷ್ಟಿತ್ತು, ಕೊನೆಗೆ ಎಷ್ಟಾಯಿತು ಎಂದು ನೋಡುತ್ತಾಳೆ. ಇಲ್ಲೊಂದು ರೂಢಿಯಿದೆ. ಅನ್ನವನ್ನು ಬಿಸಾಡಬಾರದು. ಹಾಗಾಗಿ ‘ಎಸೆ’ ಎಂಬ ಪದ ಬಂದಾಗ ನಾವು ರೊಟ್ಟಿಯನ್ನು ಎಸೆಯುವುದಿಲ್ಲ, ಓದಿದವನೇ ತಿನ್ನುತ್ತಾನೆ. ಅವನು ತಿಂದ ಎಂದರೆ ‘ಎಸೆ’ ಓದಿದ ಎಂದೇ ಎಲ್ಲರ ಲೆಕ್ಕ.

ಮೊನ್ನೆ, ಮೊದಲನೆಯ ದಿನ, ಹದಿನಾರು ಊರಿನವರು ಕೂತಿದ್ದರು. ನೂರು ಎಂದು ಬರೆದ ರೊಟ್ಟಿ ಇಟ್ಟೆ. ಹದಿನಾರು ಇಟ್ಟೆ. ಭಾಗಿಸಿದೆ. ಕೆಳಗೆ ನಾಲ್ಕು, ಮೇಲೆ ಆರು. ಆರನ್ನು ಎತ್ತಿ ತೂಬು ತೆರೆದಂತೆ ಕೈಯೆತ್ತಿ ತೋರಿಸಿದಾಗ ಜನ ಹೋ ಎಂದು ಎದ್ದರು. ಹುಲಗೇರಿಯ ಹಿರಿಯನೊಬ್ಬ, “ಏ ಯಮನೂರಾ, ನಿನ್ನ ತಲಿಯಾಗ ಅಟ್ಟಿ ಇಲ್ಲೋ, ಕಣಜಾನ ಐತಿ!” ಎಂದು ಕೂಗಿದ. ನಾನು ಉಬ್ಬಿದೆ. ಬೆಳಗಿನಿಂದ ಹೊಟ್ಟೆಗೆ ಏನೂ ಹಾಕಿರಲಿಲ್ಲ. ಹಲಗೆಯ ಮೇಲೆ ಒಂದು ರೊಟ್ಟಿ ಉಳಿದಿತ್ತು. ಎತ್ತಿಕೊಂಡು, ಮೀಸೆ ತಿರುವಿ, ಕರಕರ ಕಡಿದೆ. ಎಣಿಕೆಯಕ್ಕ ಮೌಲಾಬಿ ನನ್ನ ಬಾಯಿ ನೋಡಿದಳು, ಖಾಲಿ ಹಲಗೆ ನೋಡಿದಳು, “ಅಟ್ಟಿ ಸರಿ ಅದ” ಎಂದು ಮೂರು ಸಲ ಹೇಳಿದಳು. ಪದ ತಾಯಿಪಟ್ಟಿಗೆ ಸೇರಲು ಒಪ್ಪಿಗೆಯಾಯಿತು. ಆಕೆಯದು ನಲವತ್ತು ವರ್ಷದ ಎಣಿಕೆ, ಒಂದೂ ತಪ್ಪಿಲ್ಲ. ಇದು ಅವಳ ಕೊನೆಯ ಪರೀಕ್ಷೆ.

ಮನೆಗೆ ಬಂದು ಗಂಟು ಬಿಚ್ಚಿದಾಗ ನನ್ನ ಹೆಂಡತಿ ಕಾಳವ್ವ ರೊಟ್ಟಿ ಎಣಿಸಿದಳು. “ಹನ್ನೆರಡು ಕಟ್ಟಿ ಕೊಟ್ಟಿದ್ದೆ. ಹನ್ನೊಂದು ಬಂದಾವ.”

“ಒಂದು ನಾ ತಿಂದೆ. ಗೆದ್ದಾಂವ ತಿನ್ನಬಾರದೇನು?” ಎಂದೆ.

“ತಿನ್ರಿ, ಯಾರು ಬ್ಯಾಡಂದ್ರು? ಆದ್ರ ಎಂಟು ತಿಂಗಳು ನಾ ರೊಟ್ಟಿ ಬಡಿಯೂ ಹೊತ್ತಿನಾಗ ಒಲಿ ಮುಂದ ಕುಂತು ಅದನ್ನ ಒದರೀರಿ. ನಿಮ್ಮ ಪದ ನನಗ ಬಾಯಿಪಾಠ ಆಗೇತಿ. ಅದರಾಗ ಎಲ್ಲೂ ಎಸೆ ಇಲ್ಲ. ಮತ್ತ ತಿಂದದ್ದು ಯಾವ ರೊಟ್ಟಿ?”

ನಾನು ನಕ್ಕೆ. ನಕ್ಕು ಹಾಳೆ ತೆಗೆದು ನೋಡಿದೆ. ಅವಳು ಹೇಳಿದ್ದು ನಿಜ. ಶೇಷವನ್ನು ಬಿಸಾಡಲು ಕೊನೆಯಲ್ಲಿ ಇರಬೇಕಾಗಿದ್ದ ‘ಎಸೆ’ ಅಲ್ಲಿಲ್ಲ. ನಾನು ಓದಿರಲೂ ಇಲ್ಲ. ಹಸಿದಿದ್ದೆ, ತಿಂದೆ. ಊರು ಅದನ್ನು ಪದವೆಂದು ತಿಳಿಯಿತು.

ಆಗಲೇ ಕೂತು ಲೆಕ್ಕ ಹಾಕಿದೆ. ಯಂತ್ರಕ್ಕೆ ಬಾಯಿಯಿಲ್ಲ, ಅದು ತಿನ್ನುವುದಿಲ್ಲ. ಪ್ರತಿ ಬೆಳಿಗ್ಗೆ ಸರಿಪಾಲು ಓಡಿದಾಗ ಒಂದು ಶೇಷ ಅಟ್ಟಿಯ ಬುಡದಲ್ಲಿ ಉಳಿಯುತ್ತದೆ. ಶೇಷ ಸೊನ್ನೆಯಾದರೂ ಆ ಸೊನ್ನೆಯೂ ಒಂದು ರೊಟ್ಟಿಯೇ. ಮರುದಿನ ಅದರ ಮೇಲೆ ಇನ್ನೊಂದು. ಯಂತ್ರದ ಅಟ್ಟಿಗೆ ಇಪ್ಪತ್ತು ಸಾವಿರ ಅಂಕಿಗಳಷ್ಟೇ ಜಾಗ. ಮೂರು ಸಲ ಲೆಕ್ಕ ಮಾಡಿದೆ, ಒಮ್ಮೆ ಬೆರಳಲ್ಲಿ, ಎರಡು ಸಲ ಕಾಳಿನಲ್ಲಿ. ಇಂದಿಗೆ ಐವತ್ತೈದನೆಯ ವರ್ಷದಲ್ಲಿ, ಅಂದರೆ ೨೪೭೪ರ ಹತ್ತನೆಯ ತಿಂಗಳ ಇಪ್ಪತ್ತನೆಯ ದಿನಕ್ಕೆ ಅಟ್ಟಿ ತುಂಬುತ್ತದೆ. ಇಪ್ಪತ್ತೊಂದರ ಬೆಳಿಗ್ಗೆ ಬರುವ ಅಂಕಿಗೆ ಜಾಗವಿಲ್ಲದೆ ಅದು ಪಕ್ಕದಲ್ಲಿ ಬರೆದಿಟ್ಟ ಪದದ ಮೇಲೆ ಕೂರುತ್ತದೆ. ಪಕ್ಕದಲ್ಲಿರುವ ಪದ ‘ಮುಚ್ಚು’. ಮುಂದಿನ ಸಲ ತೂಬು ತೆರೆಯುತ್ತದೆ, ಮುಚ್ಚುವುದಿಲ್ಲ. ಒಂಬತ್ತು ದಿನಕ್ಕೆ ಕೆರೆ ಬರಿದಾಗುತ್ತದೆ. ಆಗ ಮಳೆಗಾಲ ಮುಗಿದಿರುತ್ತದೆ. ಮುಂದಿನ ಮಳೆಯವರೆಗೆ ಹದಿನಾರು ಊರಿಗೆ ಕುಡಿಯಲು ನೀರಿಲ್ಲ. ಪೆಟ್ಟಿಗೆ ಮತ್ತೆ ತೆರೆಯುವುದು ೨೪೭೯ರಲ್ಲಿ.

ನಿನ್ನೆಯಿಂದ ನನಗೆ ಊಟ ಇಳಿಯುತ್ತಿಲ್ಲ. ಹೊರಗೆ ಕಲ್ಲುಕುಟಿಗ ಕಂಬದ ಮೇಲೆ ನನ್ನ ಹೆಸರು ಕೆತ್ತುತ್ತಿದ್ದಾನೆ. ‘ಯ’ ಮುಗಿದು ‘ಮ’ಕ್ಕೆ ಬಂದಿದ್ದಾನೆ. ಒಂದೊಂದು ಉಳಿ ಏಟೂ ನನ್ನ ಬೆನ್ನಿಗೆ ಬೀಳುತ್ತದೆ. ದಾರಿಯಲ್ಲಿ ಹೋಗುವವರು ನಿಂತು ಕೈ ಮುಗಿಯುತ್ತಾರೆ. ನಾನೂ ಮುಗಿಯುತ್ತೇನೆ, ಮುಗಿದು ಒಳಗೆ ಬಂದು ಬಾಗಿಲು ಎಳೆದುಕೊಳ್ಳುತ್ತೇನೆ.

ಬುದ್ಧಿ ಓಡಿಸದೆ ಕೂತಿಲ್ಲ ನಾನು. ಪದಗಳನ್ನು ಯಂತ್ರಕ್ಕೆ ಉಣಿಸುವುದು ತಾಮ್ರದ ಪಟ್ಟಿಯಿಂದ, ಆ ಪಟ್ಟಿಗೆ ತೂತು ಹೊಡೆಯುವವಳು ನಿನ್ನಜ್ಜಿ ನಿಂಬೆವ್ವ. ಇಂದು ಬೆಳಿಗ್ಗೆ ಅವಳ ಹತ್ತಿರ ಹೋಗಿ, ತಮಾಷೆಗೆಂಬಂತೆ ಕೇಳಿದೆ. “ನಿಂಬೆವ್ವಾ, ನನ್ನ ಪದದ ಬಾಲಕ್ಕ ಒಂದು ‘ಎಸೆ’ ಹೊಡದುಬಿಡು. ಚಂದ ಕಾಣ್ತದ.”

ಅವಳು ಸುತ್ತಿಗೆ ಕೆಳಗಿಟ್ಟಳು. “ಕಾಕಾ, ಕಟ್ಟಿ ಮ್ಯಾಲ ಓದಿದ್ದಷ್ಟ ಹೊಡಿತೀನಿ. ನೀ ಹೇಳ್ದಿ ಅಂತ ಇವತ್ತ ಒಂದು ತೂತು, ನಾಳೆ ಮತ್ತೊಬ್ಬ ಹೇಳ್ದ ಅಂತ ಹತ್ತು. ಆಮ್ಯಾಲ ಇದೂ ಯಾರೂ ಓದದ ಯಂತ್ರ ಆಗ್ತೈತಿ. ಬೇಕಂದ್ರ ಕಟ್ಟಿಗೆ ಹೋಗಿ ಹೇಳು.” ಆಮೇಲೆ ನನ್ನ ಮುಖವನ್ನೇ ನೋಡಿ, “ಯಾಕ ಕಾಕಾ, ಮೈ ಬೆವತೈತಲ್ಲ?” ಎಂದಳು. ಬಿಸಿಲು ಎಂದು ಹೇಳಿ ಎದ್ದು ಬಂದೆ. ನಾವು ಕೂತಿದ್ದದ್ದು ನೆರಳಲ್ಲಿ.

ಕಟ್ಟೆಗೆ ಹೋಗಿ ಹೇಳಿದರೆ ಏನಾಗುತ್ತದೆಂದು ನನಗೆ ಗೊತ್ತು. ಓದದೆ ತಿಂದವನು ಮತ್ತೆಂದೂ ಪದ ಕಟ್ಟುವ ಹಾಗಿಲ್ಲ. ಕೆತ್ತಿದ ಹೆಸರನ್ನು ಅವನೇ ಉಳಿ ಹಿಡಿದು ಅಳಿಸಬೇಕು. ಜೊತೆಗೆ ಮೌಲಾಬಿಯ ನಲವತ್ತು ವರ್ಷದ ಎಣಿಕೆಗೂ ಮಸಿ ಹತ್ತುತ್ತದೆ. ಆಕೆಯ ಮಾನ ಉಳಿಸಲು ನಾನು ಸುಮ್ಮನಿದ್ದೇನೆ ಎಂದು ಮಧ್ಯಾಹ್ನದವರೆಗೆ ನನಗೆ ನಾನೇ ಹೇಳಿಕೊಂಡೆ. ಕಾಳವ್ವನಿಗೂ ಹೇಳಿದೆ. ಅವಳು ಹಿಟ್ಟು ನಾದುತ್ತಾ, “ಮೌಲಾಬಿ ಸೆರಗಿನಾಗ ನಿಮ್ಮ ಮೀಸಿ ಮುಚ್ಚಬ್ಯಾಡ್ರಿ” ಎಂದಳು. ನಲವತ್ತೆರಡು ವರ್ಷದ ಸಂಸಾರದಲ್ಲಿ ಅವಳ ಮಾತಿಗೆ ನಾನು ‘ಖರೆ’ ಎಂದು ಬಾಯಿಬಿಟ್ಟು ಹೇಳಿದ್ದು ಇದೇ ಮೊದಲು. ಬೇರೆಯವರಿಗೆ ಇದನ್ನು ಹೇಳಬೇಡ.

ನಾಳೆ ನಾಲ್ಕನೆಯ ದಿನ. ಬೆಳಿಗ್ಗೆ ಕಟ್ಟೆಯ ಮೇಲೆ ಕೊನೆಯ ಓದು. ಯಾರಾದರೂ ಏನಾದರೂ ಹೇಳುವುದಿದ್ದರೆ ಆಗಲೇ ಹೇಳಬೇಕು. ತಪ್ಪೊಪ್ಪಿಕೊಂಡರೆ ಮತ್ತೆ ಹನ್ನೆರಡು ರೊಟ್ಟಿಯಿಂದ ಪರೀಕ್ಷೆ ಮಾಡಿ, ಒಂದೇ ಒಂದು ಪದ ಸೇರಿಸಿ, ಮುದ್ರೆಯ ಮೊದಲು ಮುಗಿಸಬಹುದು. ನಾನು ಹೋಗುತ್ತೇನೆ. ಹೇಳುತ್ತೇನೆ ಎಂದುಕೊಂಡಿದ್ದೇನೆ. ನನ್ನನ್ನು ಬಲ್ಲವನು ನಾನೇ ಆದ್ದರಿಂದ ಈ ಪತ್ರವನ್ನೂ ಬರೆದಿಡುತ್ತಿದ್ದೇನೆ.

ಇದನ್ನು ಎಣ್ಣೆಬಟ್ಟೆಯಲ್ಲಿ ಸುತ್ತಿ, ‘ಐವತ್ತು ವರ್ಷದ ಮೇಲೆ ತೆರೆಯಬೇಕು’ ಎಂದು ಬರೆದು, ನಿಂಬೆವ್ವನ ಮನೆಯ ಬೀಸುಕಲ್ಲಿನ ಕೆಳಗೆ ಇಡುತ್ತೇನೆ. ನಾಳೆ ಕಟ್ಟೆಯ ಮೇಲೆ ಬಾಯಿ ತೆರೆದರೆ, ಸಂಜೆಗೆ ನಾನೇ ಬಂದು ಇದನ್ನು ತೆಗೆದು ಕಾಳವ್ವನ ಒಲೆಗೆ ಹಾಕುತ್ತೇನೆ. ಆಗ ನಿನಗೆ ಇದು ಸಿಗುವುದೇ ಇಲ್ಲ. ಇದು ನಿನ್ನ ಕೈಯಲ್ಲಿ ಇದೆ ಎಂದರೆ, ಮಗೂ, ನಾನು ನಾಳೆ ಏನು ಮಾಡಿದೆನೆಂದು ನಿನಗೆ ಬೇರೆ ಹೇಳಬೇಕಾಗಿಲ್ಲ.

ಹಾಗಾಗಿದ್ದರೆ ಕೂತು ಅಳಬೇಡ, ನನ್ನನ್ನು ಬೈಯುತ್ತಾ ಹೊತ್ತು ಕಳೆಯಲೂ ಬೇಡ. ಅದಕ್ಕೆ ಆಮೇಲೆ ಬೇಕಾದಷ್ಟು ಪುರುಸೊತ್ತು ಸಿಗುತ್ತದೆ. ತಾರೀಖು ನೋಡಿಕೋ. ಹತ್ತನೆಯ ತಿಂಗಳ ಇಪ್ಪತ್ತರ ಒಳಗೆ ಕಟ್ಟೆಗೆ ಹೋಗು. ಈ ಪತ್ರವನ್ನು ಗಟ್ಟಿಯಾಗಿ ಓದು, ನನ್ನ ಹೆಸರನ್ನು ನುಂಗಬೇಡ. ಕಾಲಕ್ಕೆ ಮುಂಚೆ ಮುದ್ರೆ ಒಡೆಯುವುದು ದೊಡ್ಡ ತಪ್ಪು ಎಂದು ಹಿರಿಯರು ಹೇಳುತ್ತಾರೆ. ಒಡೆಸು. ಸರಿಪಾಲಿನ ಕೊನೆಗೆ ‘ಎಸೆ’ ಸೇರಿಸು, ಅಟ್ಟಿಯನ್ನು ಬರಿದು ಮಾಡಿಸು. ಕಂಬದ ಮೇಲಿನ ಹೆಸರನ್ನು ಅಳಿಸಲು ಉಳಿ ಬೇಕಾದರೆ ನಮ್ಮ ಮನೆಯ ಅಟ್ಟದ ಮೇಲೆ ಇದೆ.

ಪತ್ರದ ಜೊತೆ ಒಂದು ಕಡಕ್ ರೊಟ್ಟಿ ಇದೆ. ಕಾಳವ್ವ ಈಗಷ್ಟೇ ಬೇಯಿಸಿ, ನನ್ನ ಹಾಳೆಯ ಪಕ್ಕದಲ್ಲಿಟ್ಟು ಹೋದಳು. ನಾನು ತಿಂದ ಹನ್ನೆರಡನೆಯದಕ್ಕೆ ಬದಲು ಅದು. ಅರಿಶಿನದಲ್ಲಿ ನಾಲ್ಕು ಎಂದು ಬರೆದಿದ್ದೇನೆ. ಇಷ್ಟು ವರ್ಷಕ್ಕೆ ಅದು ಪುಡಿಯಾಗಿರಬಹುದು. ಪುಡಿಯನ್ನೂ ಒಂದು ಎಂದೇ ಹಿಡಿ. ಕಟ್ಟೆಯ ಮೇಲೆ, ಎಲ್ಲರ ಎದುರಿಗೆ, ಅದನ್ನು ಹಲಗೆಯ ಮೇಲಿಡು.

ತಿನ್ನಬೇಡ. ಎಣಿಸು.

ನಿನ್ನ ಅಜ್ಜಿಯ ಕಾಕಾ,
ಯಮನೂರಪ್ಪ