ಬೂಟಿನ ಗೂಡಿನ ಅಂಚು

ನವೆಂಬರ್ ೧೪, ಶುಕ್ರವಾರ. ಕನಜಾವಾ, ಜಪಾನ್.

ಬೆಳಗಿನಿಂದ ಒಂದೇ ಅಳುಕಿತ್ತು: ಇಂದು ಹಳೆಯ ಅತಿಥಿ ನಿವಾ ಸಾನ್ ಬರುತ್ತಾರೆ. ಎಂಬತ್ತನಾಲ್ಕು ವರ್ಷ. ಹೋದ ವರ್ಷ ಈ ವಸತಿಗೃಹದ ಬಾಗಿಲಲ್ಲೇ, ಬೂಟು ಬಿಚ್ಚುವಾಗ ಬಿದ್ದಿದ್ದರು. ಕಟ್ಟಡಗಳ ಒಳವಿನ್ಯಾಸ ನನ್ನ ಕೆಲಸ; ಹಿಡಿದುಕೊಳ್ಳಲು ಕಂಬಿಯೊಂದರ ನಕ್ಷೆಯನ್ನು ಮೂರು ಸಲ ಬರೆದು ಕೊಟ್ಟೆ. ಮೂರು ಸಲವೂ ಒಡತಿ ಕಿಯೊನೊ ನಕ್ಷೆಯನ್ನು ಹಿಂದಿರುಗಿಸಿದರು.

"ಕಂಬಿ ಕಂಡ ತಕ್ಷಣ ಅವರಿಗೆ ತಾನು ಮುದುಕ ಅಂತ ನೆನಪಾಗುತ್ತೆ, ಮಿಯಾಕೆ ಸಾನ್. ಇದೂ ಒಂದು ಉಪಚಾರಾನಾ?"

ನಾಲ್ಕನೆಯ ಸಲ ಕಂಬಿಯನ್ನೇ ಕೈಬಿಟ್ಟೆ. ಬೂಟಿನ ಗೂಡನ್ನು ಸೊಂಟದೆತ್ತರಕ್ಕೆ ಏರಿಸಿ, ಅದರ ಅಂಚನ್ನು ಬೆರಳು ಮಡಚಿ ಹಿಡಿಯುವಷ್ಟು ದುಂಡಗೆ ಮಾಡಿಸಿದೆ.

ಮೂರು ಗಂಟೆಗೆ ಬಂದರು. ಕಿಯೊನೊ ಕೈ ನೀಡಲಿಲ್ಲ, ಬಾಗಿ ವಂದಿಸಿದರು ಅಷ್ಟೆ. ಮಾತಾಡುತ್ತಲೇ ಮುದುಕರ ಕೈ ಅಂಚಿಗೆ ಹೋಯಿತು. ಒಂದು ಬೂಟು. ಇನ್ನೊಂದು. ಮೇಲೆ ಹತ್ತಿದರು.

"ಈಗ ಎಲ್ಲಾ ಕಡೆ ಕಂಬಿ ಹಾಕ್ಬಿಟ್ಟಿದಾರೆ, ಆಸ್ಪತ್ರೆ ಥರ! ನಿಮ್ಮಲ್ಲಿ ಏನೂ ಬದಲಾಗಿಲ್ಲ ನೋಡಿ."

"ಏನೇನೂ ಇಲ್ಲ," ಎಂದರು ಕಿಯೊನೊ, ನನ್ನತ್ತ ನೋಡದೆ.

ಇಪ್ಪತ್ತು ವರ್ಷಗಳಲ್ಲಿ ಇಷ್ಟು ದೊಡ್ಡ ಹೊಗಳಿಕೆ ನನಗೆ ಸಿಕ್ಕಿಲ್ಲ.

ಹೊರಡುವಾಗ ನನ್ನ ಬೂಟುಗಳು ಬೀದಿಯತ್ತ ಮುಖ ಮಾಡಿ ಕಾದಿದ್ದವು. ಹಾಕಿಕೊಂಡು ಸೇತುವೆಯವರೆಗೂ ನಡೆದ ಮೇಲೆ ಹೊಳೆಯಿತು: ಐವತ್ತೆರಡರ ನಾನೂ ಆ ಅಂಚನ್ನು ಹಿಡಿದೇ ಹಾಕಿಕೊಂಡಿದ್ದೆ. ಕೈ ಯಾವಾಗ ಅಲ್ಲಿಗೆ ಹೋಯಿತೋ, ನನಗೇ ಗೊತ್ತಾಗಿರಲಿಲ್ಲ.