ಒಂದೇ ಚೀಲಕ್ಕೆ ಎರಡು ಊರು

ಪ್ರೀತಿಯ ಚಿಕ್ಕಮ್ಮ,

ಅಕ್ಷರ ಸೊಟ್ಟ ಇದ್ದರೆ, ಕಾಗುಣಿತ ತಪ್ಪಿದ್ದರೆ ಬೈಯಬೇಡಿ. ಮಂಜೇಶ್ವರದ ಶಾಲೆಯಲ್ಲಿ ಐದನೇ ಕ್ಲಾಸಿಗೆ ನಿಂತುಹೋದ ಕನ್ನಡ ಇದು. ದಬ್ಬಣ ಹಿಡಿದು ಅಭ್ಯಾಸವಾದ ಕೈಗೆ ಪೆನ್ನು ತೀರಾ ಹಗುರ, ಎಲ್ಲೆಲ್ಲಿಗೋ ಓಡುತ್ತದೆ. ಆದರೂ ಈ ಸುದ್ದಿ ನಿಮಗೆ ನಾನೇ ಹೇಳಬೇಕು. ಗೆದ್ದೆವು ಚಿಕ್ಕಮ್ಮ. ನಮ್ಮ ಬಟ್ಟೆಯ ಚೀಲ ಗೆದ್ದಿತು!

ನಾನು ಎರ್ನಾಕುಲಕ್ಕೆ ಬಂದ ಮೊದಲ ವಾರ ನೆನಪಿದೆಯಾ? ಟಪಾಲು ವಿಂಗಡಿಸುವ ಆಫೀಸಿನ ಹಿಂದಿನ ಕೋಣೆಯಲ್ಲಿ ನೀವು ಹರಿದ ಕ್ಯಾನ್ವಾಸ್ ಚೀಲಗಳ ನಡುವೆ ಕುಳಿತಿದ್ದಿರಿ. ನಾನು ಯಾರ ಮುಖವನ್ನೂ ನೋಡದೆ ನಿಮ್ಮ ಬೆನ್ನ ಹಿಂದೆ ನಿಂತಿದ್ದೆ. ಕಾಗದ ಸುರಿದ ಮೇಲೆ ಚೀಲವನ್ನು ಒಳಗಿನದು ಹೊರಗೆ ಬರುವ ಹಾಗೆ ಮಗುಚಬೇಕು ಎಂದು ಅವತ್ತೇ ಕಲಿಸಿದಿರಿ. "ಮೂಲೆಯಲ್ಲಿ ಒಂದು ಕಾರ್ಡು ಸಿಕ್ಕಿಕೊಂಡ್ರೆ ಯಾರದ್ದೋ ಕೆಲಸದ ಆರ್ಡರ್ ಅಲ್ಲೇ ಕೊಳೀತದೆ. ಮಗುಚದೆ ಬಿಟ್ಟಿಯೋ, ಕಿವಿ ಹಿಂಡ್ತೇನೆ, ಗೊತ್ತಾಯ್ತಾ?" ಅದರ ಮೇಲೆ ನಾನು ಚೀಲ ಕಂಡರೆ ಸಾಕು, ಮಗುಚುತ್ತಿದ್ದೆ. ತರಕಾರಿ ಚೀಲವನ್ನೂ.

ಪ್ಲಾಸ್ಟಿಕ್ ಚೀಲದ ಮೊದಲ ಕಟ್ಟು ಬಂದ ದಿನ ಎಲ್ಲರಿಗೂ ಖುಷಿ. ಹಗುರ, ಹೊಸತು, ಹೊಲಿಯುವ ಕೆಲಸವಿಲ್ಲ. ಎರಡನೇ ಪ್ರಯಾಣಕ್ಕೆ ಹರಿದವು. ಕಟ್ಟಲು ಪ್ಲಾಸ್ಟಿಕ್ ಪಟ್ಟಿ, ಊರಿನ ಹೆಸರಿಗೆ ಪ್ಲಾಸ್ಟಿಕ್ ಚೀಟಿ, ಒಂದು ಸಲ ಕತ್ತರಿಸಿದರೆ ಮುಗಿಯಿತು. ಶೆಡ್ಡಿನ ಹಿಂದೆ ರಾಶಿ ಕಿಟಕಿಯವರೆಗೆ ಬೆಳೆಯಿತು. ಅದರ ಎದುರು ನಿಂತು ನೀವು ಹೇಳಿದ್ದು: "ಇದಕ್ಕೆ ಸೂಜಿ ಹಾಕಿದಲ್ಲೇ ಹರೀತದಲ್ಲ ಮಾರಾಯ್ತಿ. ಇದು ಸಾಯುವುದೂ ಇಲ್ಲ, ಬದುಕುವುದೂ ಇಲ್ಲ." ತಿರುವನಂತಪುರದ ದೊಡ್ಡ ಆಫೀಸಿನ ಮೇಡಂ ಬಂದಾಗಲೆಲ್ಲ ಕೇಳಿದಿರಿ, ನಮ್ಮ ಎರ್ನಾಕುಲಂ, ನಿಮ್ಮ ತಿರುವನಂತಪುರ, ಈ ಎರಡು ಊರಿನ ನಡುವೆಯಾದರೂ ಬಟ್ಟೆ ಚೀಲ ಉಳಿಸಿ ಎಂದು. ಒಪ್ಪಿಗೆ ಬಂದಾಗ ನೀವೆಲ್ಲಿದ್ದಿರಿ? ನೀವು ತೀರಿಹೋದ ಹದಿಮೂರನೇ ದಿನದ ಬೊಜ್ಜ, ಉತ್ತರಕ್ರಿಯೆ ಎಲ್ಲ ಮುಗಿಸಿ ನಾನು ಊರಿನಿಂದ ಬಂದ ಮರುದಿನ ಆರ್ಡರ್ ಬಂತು. ಎರಡು ತಿಂಗಳು ಪರೀಕ್ಷೆ. ಸರಿಹೋಗದಿದ್ದರೆ ಬಟ್ಟೆ ಚೀಲ ಶಾಶ್ವತವಾಗಿ ಬಂದ್.

ಮೂರನೇ ವಾರ ನಾನೇ ಎಡವಟ್ಟು ಮಾಡಿದೆ. ಚೀಟಿ ದಂಡವಾಗಬಾರದು ಎಂದು ಒಂದು ಬದಿಗೆ ಎರ್ನಾಕುಲಂ, ಇನ್ನೊಂದು ಬದಿಗೆ ತಿರುವನಂತಪುರ ಬರೆದ ರಟ್ಟಿನ ಚೀಟಿ ಕಟ್ಟುತ್ತಿದ್ದೆವು. ಅವಸರದಲ್ಲಿ ತುಂಬಿದ ಚೀಲಕ್ಕೆ ಎರ್ನಾಕುಲಂ ಬದಿಯನ್ನೇ ಹೊರಗೆ ಮಾಡಿ ಬಿಗಿದುಬಿಟ್ಟೆ. ಅಲ್ಲಿಯವರು ನೋಡಿದರು, ಎರ್ನಾಕುಲಂ ಎಂದಿದೆ, ಬಿಚ್ಚದೆ ವಾಪಸು ಲಾರಿಗೆ ಹಾಕಿದರು. ಮರುದಿನ ಆ ಚೀಲ ಸೀಲು ಸಮೇತ ನನ್ನ ಮುಂದೆ! ಚೀಲ ಹೊರುವ ಬೇಬಿಚೇಟನ್, ನಮ್ಮ ಬೇಬಿಯಣ್ಣ, ಹೊಟ್ಟೆ ಹಿಡಿದುಕೊಂಡು ನಕ್ಕರು. "ಮೋಳೇ, ಮಗಳೇ, ನಿನ್ನ ಚೀಲ ಪದ್ಮನಾಭನ ದರ್ಶನ ಮಾಡಿ ಬಂತು. ಪಾಯಸ ತಂದಿದೆಯಾ ನೋಡು!" ನನಗೆ ನಗು ಬರಲಿಲ್ಲ. ಸಂಜೆಯೊಳಗೆ ಮೇಡಂ ಫೋನು: ಬಂದು ಕಾರಣ ಹೇಳಿ, ಇಲ್ಲದಿದ್ದರೆ ಪರೀಕ್ಷೆ ಇಲ್ಲಿಗೇ ಮುಗಿಯಿತು.

ತಿರುವನಂತಪುರದ ದೊಡ್ಡ ಆಫೀಸಿಗೆ ಹೋಗಿ ಮೇಡಂ ಮೇಜಿನ ಎದುರು ನಿಂತೆ. "ತಪ್ಪು ಯಾರದು?" ಎಂದರು ಮೇಡಂ. "ನನ್ನದು" ಎಂದೆ. "ನಾಳೆ ಇನ್ನೊಬ್ಬರು ಇದೇ ತಪ್ಪು ಮಾಡಿದರೆ?" ನೀವಿದ್ದಿದ್ದರೆ ಎರಡು ಮಾತಿನಲ್ಲಿ ಅವರನ್ನು ಒಪ್ಪಿಸುತ್ತಿದ್ದಿರಿ. ಮಾದರಿಗೆಂದು ಒಯ್ದಿದ್ದ ಖಾಲಿ ಚೀಲವನ್ನು ನನ್ನ ಕೈ ತನ್ನಷ್ಟಕ್ಕೆ ಮಗುಚತೊಡಗಿತು. ಅರ್ಧ ಮಗುಚಿದಾಗ ಹೊಳೆಯಿತು. ಚೀಟಿ ಯಾಕೆ ಬೇಕು?

"ಒಂದು ಚಾಕ್ ಕೊಡ್ತೀರಾ ಮೇಡಂ?" ಎಂದೆ. ಚೀಲದ ಹೊರಗೆ ತಿರುವನಂತಪುರ ಎಂದು ಬರೆದೆ, ಮಗುಚಿ ಒಳಗೆ ಎರ್ನಾಕುಲಂ ಎಂದು ಬರೆದೆ. "ಕಾಗದ ಸುರಿದ ಮೇಲೆ ಮಗುಚಲೇಬೇಕಲ್ಲ? ಮಗುಚಿದ ಕೂಡಲೇ ವಾಪಸು ಹೋಗುವ ಊರು ಹೊರಗೆ ಬರ್ತದೆ. ಮಗುಚದಿದ್ದರೆ ಊರು ತಪ್ಪೇ ಕಾಣ್ತದೆ, ಯಾರಾದ್ರೂ ಹಿಡೀತಾರೆ. ಒಳಗೆ ಕಾಗದವೂ ಉಳಿಯುವುದಿಲ್ಲ." ಮೇಡಂ ಎದ್ದು ಬಂದು ತಾವೇ ಮಗುಚಿದರು. ಇನ್ನೊಮ್ಮೆ ಮಗುಚಿದರು. ಚಿಕ್ಕ ಮಗುವಿನ ಹಾಗೆ ಮತ್ತೊಮ್ಮೆ! "ಇದನ್ನು ಎಲ್ಲಿ ಕಲಿತೆ?" "ಚಿಕ್ಕಮ್ಮನ ಹತ್ತಿರ." "ಅವರನ್ನೂ ಕರೆದುಕೊಂಡು ಬರಬೇಕಿತ್ತಲ್ಲ?" ನಾನು ಚೀಲ ಮಡಚಿ ಕಂಕುಳಲ್ಲಿ ಇಟ್ಟುಕೊಂಡೆ.

ಎರ್ನಾಕುಲಕ್ಕೆ ವಾಪಸು ಬಂದವಳೇ ಚಾಕಿನ ಜಾಗದಲ್ಲಿ ಬಟ್ಟೆಯ ತುಂಡು ಹೊಲಿದೆ. ತಿರುವನಂತಪುರಕ್ಕೆ ಕೆಂಪು, ನಮಗೆ ನೀಲಿ. ಓದು ಬಾರದವರೂ ಬಣ್ಣ ನೋಡಿ ಲಾರಿಗೆ ಹಾಕುತ್ತಾರೆ. ಉಳಿದ ದಿನಗಳಲ್ಲಿ ಒಂದೇ ಒಂದು ಚೀಲವೂ ದಾರಿ ತಪ್ಪಲಿಲ್ಲ. ಕಟ್ಟಲು ಹುರಿಹಗ್ಗ, ಬಿಚ್ಚಿ ಮತ್ತೆ ಅದನ್ನೇ ಕಟ್ಟುವುದು. ಪ್ಲಾಸ್ಟಿಕ್ ಪಟ್ಟಿಯಿಲ್ಲ, ಚೀಟಿಯಂತೂ ಬೇಡವೇ ಬೇಡ.

ನಿನ್ನೆ ಆರ್ಡರ್ ಬಂತು ಚಿಕ್ಕಮ್ಮ. ಈ ದಾರಿಯಲ್ಲಿ ಇನ್ನು ಪ್ಲಾಸ್ಟಿಕ್ ಚೀಲವೇ ಇಲ್ಲ. ಮುಂದಿನ ತಿಂಗಳಿಂದ ಕೋಝಿಕ್ಕೋಡ್ ದಾರಿಗೂ ನಮ್ಮದೇ ಚೀಲ. ಹೊಲಿಯಲು ಇಬ್ಬರು ಹೆಂಗಸರು ಬರುತ್ತಾರೆ, ಅವರಿಗೆ ಕಲಿಸುವವಳು ನಾನಂತೆ, ನಂಬುತ್ತೀರಾ? ಶೆಡ್ಡಿನ ಹಿಂದಿನ ರಾಶಿಯನ್ನು ಲಾರಿ ಒಯ್ದಿತು. ಅಲ್ಲಿ ನೆಲ ಕೆಂಪು ಎಂಬುದು ನನಗೆ ಮರೆತೇ ಹೋಗಿತ್ತು.

ಕೋಝಿಕ್ಕೋಡಿಗೆ ಯಾವ ಬಣ್ಣ ಎಂದು ಇವತ್ತು ಬೆಳಿಗ್ಗೆ ಟಪಾಲು ವಿಂಗಡಿಸುವ ಹಾಲ್‌ನಲ್ಲಿ ನಮ್ಮ ಆಫೀಸಿನ ಸಾಹೇಬರು ಎಲ್ಲರ ಎದುರು ಕೇಳಿದರು. ಬೇಬಿಚೇಟನ್ ನನ್ನ ಕಡೆ ನೋಡಿದರು. ನಾನು ಎದ್ದು ನಿಂತು, ಕೊನೆಯ ಬೆಂಚಿನವರಿಗೂ ಕೇಳುವಷ್ಟು ಗಟ್ಟಿಯಾಗಿ, "ಹಳದಿ" ಎಂದೆ.

ನಿಮ್ಮ
ರತ್ನ